ಒಳಗೇನಿದೆ ಅಂತ ನನ್ನನ್ನು ಕೇಳಬೇಡಿ

ಬೆಂಗಳೂರಿಗೆ ಸಮುದ್ರವಿಲ್ಲ, ಬಂದರು ಮಾತ್ರ ಇದೆ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಶುರುವಾದದ್ದು ಈ ಊರಿನಲ್ಲೇ. ಈಗ ವೈಟ್‌ಫೀಲ್ಡಿನಲ್ಲಿರುವ ಡಿಪೋಗೆ ಚೆನ್ನೈಯಿಂದ ಗೂಡ್ಸ್ ರೈಲಿನಲ್ಲಿ ಬಂದಿಳಿದ ಇಪ್ಪತ್ತಡಿಯ ಕಂಟೇನರ್ ಒಂದನ್ನು ಈ ಸಂಚಿಕೆಗಾಗಿ ಮಾತಾಡಿಸಿದ್ದೇವೆ. ಅದರ ಹೊಟ್ಟೆಯಲ್ಲಿರುವುದು ಚೀನಾದ ಯಿವೂ ಪಟ್ಟಣದ ಸಗಟು ಮಾರುಕಟ್ಟೆಯ ಆಟಿಕೆ ಮತ್ತು ಮನೆಬಳಕೆಯ ಸಾಮಾನು. ಹಡಗು ಹತ್ತಿದ್ದು ನಿಂಗ್ಬೋ ಬಂದರಿನಲ್ಲಿ. ತರಿಸಿಕೊಂಡವರು ಚಿಕ್ಕಪೇಟೆಯ ಒಬ್ಬ ಸಗಟು ವ್ಯಾಪಾರಿ, ಹೊರದೇಶದಿಂದ ಅವರು ತರಿಸುತ್ತಿರುವ ಮೊದಲ ಕಂಟೇನರ್ ಇದು. ವ್ಯಾಪಾರಿಯೂ ಕಲ್ಪನೆ, ಕಂಟೇನರಿಗೆ ಬಾಯಿ ಬಂದದ್ದೂ ಕಲ್ಪನೆ. ಅದು ಹೇಳುವ ಕಾನೂನು, ಇಸವಿ, ಲೆಕ್ಕಗಳು ಮಾತ್ರ ನಿಜ. ಕಡಲ ಸಾಗಣೆ ಏಕೆ ಅಗ್ಗವಾಯಿತು ಎಂಬುದನ್ನು ತಪ್ಪಾಗಿ ತಿಳಿದವರೇ ಮೊದಲ ಆಮದಿನಲ್ಲಿ ಕೈಸುಟ್ಟುಕೊಳ್ಳುತ್ತಾರೆ ಎಂಬುದು ಅದರ ವಾದ. ನಮಗೆ ತೋಚಿದ ಆಕ್ಷೇಪಗಳನ್ನೆಲ್ಲ ಮುಂದಿಟ್ಟೆವು. ಒಂದಕ್ಕೂ ಅದು ಮುಖ ಸಣ್ಣ ಮಾಡಿಕೊಳ್ಳಲಿಲ್ಲ.

ಪ್ರಶ್ನೆ: ಮೊದಲು ತಮ್ಮ ಪರಿಚಯ ಹೇಳಿ.

ಕಂಟೇನರ್: ನಾಲ್ಕು ಅಕ್ಷರ, ಆರು ಅಂಕಿ, ಅದರ ಪಕ್ಕದಲ್ಲಿ ಚೌಕದೊಳಗೆ ಇನ್ನೊಂದು ಅಂಕಿ. ಇದೇ ನನ್ನ ಹೆಸರು. ಚೌಕದೊಳಗಿನ ಅಂಕಿ ಹಿಂದಿನ ಹತ್ತನ್ನೂ ಲೆಕ್ಕ ಹಾಕಿ ಬಂದದ್ದು. ಗುಮಾಸ್ತ ಒಂದಕ್ಷರ ತಪ್ಪು ಒತ್ತಿದರೆ ಸಾಕು, ಸಾಮಾನ್ಯವಾಗಿ ಲೆಕ್ಕ ತಾಳೆಯಾಗದೆ ಕಂಪ್ಯೂಟರ್ ಅಲ್ಲೇ ಹಿಡಿಯುತ್ತದೆ. ನನ್ನ ಹೆಸರಿಗೆ ಇಷ್ಟೊಂದು ಕಾವಲು ಇದೆ ಸ್ವಾಮಿ. ನನ್ನೊಳಗಿನ ಸಾಮಾನಿನ ಪಟ್ಟಿಗೆ ಅಂಥ ಕಾವಲಿನ ಅಂಕಿ ಯಾವುದೂ ಇಲ್ಲ, ಅದನ್ನು ಬರೆದವರು ಬರೆದದ್ದೇ ವೇದ. ಉದ್ದ ಇಪ್ಪತ್ತು ಅಡಿ, ಅಗಲ ಎಂಟು, ಎತ್ತರ ಎಂಟೂವರೆ. ಒಳಗೆ ಸುಮಾರು 33 ಘನ ಮೀಟರ್ ಜಾಗ. ಗೋಡೆಗೆ ಉಕ್ಕಿನ ಸುಕ್ಕುತಗಡು, ನೆಲಕ್ಕೆ ಪ್ಲೈವುಡ್, ಬಾಗಿಲಿಗೆ ಬೋಲ್ಟ್ ಸೀಲು. ಆ ಸೀಲನ್ನು ಕಟರ್ ಹಾಕಿ ಕತ್ತರಿಸಿಯೇ ತೆಗೆಯಬೇಕು, ಬಿಚ್ಚಿ ಮತ್ತೆ ಹಾಕುವ ಹಾಗಿಲ್ಲ. ಅದರ ನಂಬರೂ ದಾಖಲೆಯಲ್ಲಿರುತ್ತದೆ. ಸೀಲು ಒಡೆದಿಲ್ಲ ಎಂದರೆ ಹತ್ತಿಸಿದ ಮೇಲೆ ಯಾರೂ ಬಾಗಿಲು ತೆಗೆದಿಲ್ಲ ಎಂದಷ್ಟೇ ಅರ್ಥ. ಹತ್ತಿಸುವಾಗಲೇ ಏನು ತುಂಬಿದರು ಎಂಬುದಕ್ಕೆ ಸೀಲು ಸಾಕ್ಷಿ ಹೇಳುವುದಿಲ್ಲ. ಹೊಸಬರು ಮುಗ್ಗರಿಸುವುದು ಇದೇ ಜಾಗದಲ್ಲಿ.

ಪ್ರಶ್ನೆ: ಇಂಥ ಒಂದು ತಗಡಿನ ಪೆಟ್ಟಿಗೆಯನ್ನು ಜಗತ್ತಿನ ವ್ಯಾಪಾರವನ್ನೇ ಬದಲಿಸಿದ ವಸ್ತು ಎಂದು ಹೊಗಳುತ್ತಾರಲ್ಲ, ಅಂಥದ್ದೇನು ಮಾಡಿದಿರಿ?

ಕಂಟೇನರ್: ನಾನು ಮಾಡಿದ್ದು ಒಂದೇ, ಕೇಳುವುದನ್ನು ನಿಲ್ಲಿಸಿದೆ. 1954ರಲ್ಲಿ ವಾರಿಯರ್ ಎಂಬ ಹಡಗು ಅಮೆರಿಕದ ಬ್ರೂಕ್ಲಿನ್‌ನಿಂದ ಜರ್ಮನಿಯ ಬ್ರೆಮರ್‌ಹಾವನ್‌ಗೆ ಹೋಯಿತು. ಆ ಒಂದು ಯಾನದ ಲೆಕ್ಕವನ್ನು ಅಧ್ಯಯನಕಾರರು ಬಿಡಿಬಿಡಿಯಾಗಿ ಬರೆದಿಟ್ಟಿದ್ದಾರೆ. ಹಡಗಿನಲ್ಲಿ ಇದ್ದದ್ದು 1,94,582 ನಗ: ಮೂಟೆ, ಪೀಪಾಯಿ, ಪೆಟ್ಟಿಗೆ, ಕಟ್ಟು, ಬಿಡಿ ಸಾಮಾನು. ಬಂದದ್ದು 151 ಊರುಗಳಿಂದ, 1,156 ಬೇರೆಬೇರೆ ರವಾನೆಗಳಲ್ಲಿ. ಪ್ರತಿಯೊಂದನ್ನೂ ಹಮಾಲರು ಕೈಯಲ್ಲಿ ಎತ್ತಬೇಕು, ಗುಮಾಸ್ತರು ಗುರುತು ಹಾಕಿಕೊಳ್ಳಬೇಕು. ಒಟ್ಟು ಖರ್ಚಿನಲ್ಲಿ ಸಮುದ್ರ ದಾಟುವುದಕ್ಕೆ ತಗಲಿದ್ದು ಬರೀ ಶೇ. 11.5. ಹೆಚ್ಚಿನ ದುಡ್ಡು ದಡದಲ್ಲೇ ಕರಗಿತ್ತು, ಅದರಲ್ಲಿ ದೊಡ್ಡ ಪಾಲು ಎತ್ತಿ ಇಳಿಸುವುದಕ್ಕೆ. ಎರಡು ವರ್ಷದ ಮೇಲೆ, 1956ರ ಏಪ್ರಿಲ್ 26ರಂದು, ಲಾರಿ ಸಾಗಣೆಯಿಂದ ಬಂದ ಮಾಲ್ಕಮ್ ಮೆಕ್ಲೀನ್ ಎಂಬಾತ ಐಡಿಯಲ್ ಎಕ್ಸ್ ಎಂಬ ಹಡಗಿನ ಮೇಲೆ ನನ್ನ ಪೂರ್ವಿಕರು 58 ಮಂದಿಯನ್ನು ಇಟ್ಟು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಬಿಡಿ ಸರಕನ್ನು ಹಡಗಿಗೆ ತುಂಬಲು ಟನ್ನಿಗೆ 5.86 ಡಾಲರ್ ಆಗುತ್ತಿದ್ದ ಕಾಲ ಅದು. ಆತನ ಲೆಕ್ಕದಲ್ಲಿ ಅದು 16 ಸೆಂಟಿಗೂ ಕಡಿಮೆಗೆ ಇಳಿಯಿತು. ಕ್ರೇನಿಗೆ ನನ್ನೊಳಗೆ ಗೊಂಬೆ ಇದೆಯೋ ಗ್ರಾನೈಟ್ ಇದೆಯೋ ಬೇಕಿರಲಿಲ್ಲ. ಒಳಗೇನಿದೆ ಎಂದು ತಿಳಿಯುವ ಖರ್ಚನ್ನು ಉಳಿಸಿದ್ದೇ ನನ್ನ ಕ್ರಾಂತಿ. ಮಿಕ್ಕದ್ದೆಲ್ಲ ವೆಲ್ಡಿಂಗ್ ಕೆಲಸ.

ಪ್ರಶ್ನೆ: ಖರ್ಚು ಉಳಿಯಿತಲ್ಲ, ಇನ್ನೇನು ತಕರಾರು? ಎಲ್ಲರಿಗೂ ಒಳ್ಳೆಯದೇ ಆಯಿತು.

ಕಂಟೇನರ್: ಎತ್ತಿ ಇಳಿಸುವ ಖರ್ಚು ನಿಜವಾಗಿಯೂ ಉಳಿಯಿತು, ಅದಕ್ಕೆ ನನ್ನನ್ನು ಧಾರಾಳವಾಗಿ ಹೊಗಳಿ. ಒಳಗೇನಿದೆ ಎಂದು ತಿಳಿಯುವ ಖರ್ಚು ಮಾತ್ರ ಉಳಿಯಲಿಲ್ಲ, ಜಾಗ ಬದಲಿಸಿತು. ವಾರಿಯರ್ ಹಡಗಿನ ಕಾಲದಲ್ಲಿ ಅದು ಬಂದರಿನವರ, ಹಡಗಿನವರ ಹೆಗಲ ಮೇಲಿತ್ತು. ಈಗ ಸರಕು ತರಿಸುವವನ ಹೆಗಲಿಗೆ ಬಂದಿದೆ. ಹಡಗು ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗನ್ನು ತೆಗೆದು ನೋಡಿ. ಚಿಕ್ಕಪೇಟೆಯ ಯಜಮಾನರು ಅದನ್ನು ದೇವರ ಫೋಟೋದ ಹಿಂದೆ ಇಟ್ಟುಕೊಂಡಿರಬಹುದು, ಓದಿರುವುದು ಅನುಮಾನ. ಇಷ್ಟು ರಟ್ಟಿನ ಪೆಟ್ಟಿಗೆ ಆಟಿಕೆ ಎಂಬ ಸಾಲಿನ ಹತ್ತಿರ ಎರಡು ಷರಾ ಇರುತ್ತವೆ. ಒಳಗೆ ಇಂಥದ್ದಿದೆಯೆಂದು ಕಳಿಸಿದವರು ಹೇಳಿದ್ದಾರೆ ಎಂಬುದು ಒಂದು. ತುಂಬಿದ್ದೂ ಎಣಿಸಿದ್ದೂ ಕಳಿಸಿದವರೇ ಎಂಬುದು ಇನ್ನೊಂದು. ಅಂದರೆ ಕಂಪನಿ ಹೊತ್ತು ತಂದದ್ದು ಮುಚ್ಚಿದ ಪೆಟ್ಟಿಗೆಯನ್ನು, ಪಟ್ಟಿಯಲ್ಲಿರುವ ಸಾಮಾನನ್ನಲ್ಲ. ಹಡಗು ಹತ್ತುವಾಗ ನನ್ನನ್ನು ಕೇಳುವ ಪ್ರಶ್ನೆಗಳು ಬೆರಳೆಣಿಕೆಯವು. ತೂಕ ಎಷ್ಟು ಎಂಬುದು ಮುಖ್ಯವಾದದ್ದು, 2016ರ ಜುಲೈ 1ರಿಂದ ದೃಢೀಕರಿಸಿದ ತೂಕವಿಲ್ಲದೆ ಯಾವ ಕಂಟೇನರನ್ನೂ ಹಡಗಿಗೆ ಹತ್ತಿಸುವಂತಿಲ್ಲ. ಬೆಂಕಿ ಹತ್ತುವ, ಸಿಡಿಯುವ ಮಾಲೇನಾದರೂ ಇದೆಯೇ ಎಂಬುದು ಇನ್ನೊಂದು. ಎರಡೂ ಹಡಗಿನ ಕ್ಷೇಮದ ಪ್ರಶ್ನೆಗಳು. ಗೊಂಬೆಯ ಕೈ ಮುರಿದಿದೆಯೇ ಎಂದು ಕೇಳುವ ಜವಾಬ್ದಾರಿ ಯಾರಿಗೂ ಇಲ್ಲ.

ಪ್ರಶ್ನೆ: ಕಳಿಸಿದವನು ಇದ್ದಾನಲ್ಲ? ಮಾಲು ಸರಿಯಿಲ್ಲದಿದ್ದರೆ ಅವನನ್ನು ಹಿಡಿಯಬಹುದು. ಸಾಗಿಸುವಾಗ ಹಾಳಾದರೆ ಹಡಗಿನವರನ್ನು ಹಿಡಿಯಬಹುದು.

ಕಂಟೇನರ್: ಹಿಡಿಯಬಹುದು, ಕೈಗೆ ಸಿಕ್ಕರೆ. ಯಿವೂ ಕಡೆಯ ರೂಢಿ ಶೇ. 30 ಮುಂಗಡ, ಉಳಿದ ಶೇ. 70 ಬಿಲ್ ಆಫ್ ಲೇಡಿಂಗಿನ ಪ್ರತಿ ತೋರಿಸಿದ ಮೇಲೆ. ಬಿಲ್ಲು ಹುಟ್ಟುವುದು ನಾನು ಹಡಗು ಹತ್ತಿದಾಗ, ಬಾಗಿಲು ತೆರೆಯುವುದು ಇಲ್ಲಿಗೆ ಬಂದ ಮೇಲೆ. ಹೀಗಾಗಿ ನೂರಕ್ಕೆ ನೂರು ದುಡ್ಡು ಕೊಟ್ಟಾದ ಮೇಲೇ ನಿಮ್ಮ ವ್ಯಾಪಾರಿಗೆ ತಾನು ಕೊಂಡದ್ದು ಏನು ಎಂದು ಕಾಣುವುದು. ಆಮೇಲೆ ದೂರು ಹೇಳುವುದೆಂದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆಯೇ. ಕರಾರಿನಲ್ಲಿ ಯಾವ ದೇಶದ ಕಾನೂನು, ಯಾವ ಊರಿನ ಮಧ್ಯಸ್ಥಿಕೆ ಎಂದು ಬರೆಸಿಲ್ಲದಿದ್ದರೆ ಎರಡು ಲಕ್ಷದ ನಷ್ಟಕ್ಕೆ ಚೀನಾದಲ್ಲಿ ವಕೀಲರನ್ನು ಇಡುವವರು ಯಾರು? ಇನ್ನು ಹಡಗಿನವರ ಹೊಣೆ. ಅದಕ್ಕೆ ಕಾನೂನೇ ಮಿತಿ ಹಾಕಿದೆ. ಅಂತರರಾಷ್ಟ್ರೀಯ ನಿಯಮದಲ್ಲಿ ಒಂದು ಪ್ಯಾಕೇಜಿಗೆ ಇಷ್ಟು ಅಥವಾ ಒಂದು ಕಿಲೋ ತೂಕಕ್ಕೆ ಇಷ್ಟು, ಯಾವುದು ಹೆಚ್ಚೋ ಅದು. ತಮಾಷೆ ಇರುವುದು ಪ್ಯಾಕೇಜು ಎಂದರೆ ಯಾವುದು ಎಂಬುದರಲ್ಲಿ. ಬಿಲ್ಲಿನಲ್ಲಿ ಒಳಗಿನ ಪೆಟ್ಟಿಗೆಗಳ ಸಂಖ್ಯೆ ಬರೆದಿದ್ದರೆ ಪ್ರತಿ ಪೆಟ್ಟಿಗೆಯೂ ಒಂದು ಪ್ಯಾಕೇಜು. ಬರೀ ಒಂದು ಕಂಟೇನರ್ ಸಾಮಾನು ಎಂದು ಬರೆದಿದ್ದರೆ ಇಡೀ ನಾನೇ ಒಂದು ಪ್ಯಾಕೇಜು! ಸಮುದ್ರದ ಮೇಲಿನ ಎಲ್ಲ ಅಲೆಗಳಿಗಿಂತ ಆ ಒಂದು ಸಾಲಿನ ಗುಮಾಸ್ತಿಕೆ ನಿಮ್ಮ ವ್ಯಾಪಾರಿಗೆ ಹೆಚ್ಚು ಅಪಾಯಕಾರಿ.

ಪ್ರಶ್ನೆ: ಅದಕ್ಕೇ ಬುದ್ಧಿವಂತರು ಸಿಐಎಫ್ ಬೆಲೆಗೆ ಕೊಳ್ಳುತ್ತಾರೆ. ಸಾಗಣೆ, ವಿಮೆ ಎಲ್ಲ ಮಾರುವವನದ್ದೇ. ನಮ್ಮ ಬಂದರಿಗೆ ಬರುವ ತನಕ ನಮಗೆ ಚಿಂತೆಯಿಲ್ಲ.

ಕಂಟೇನರ್: ಈ ಮಾತಿನಿಂದ ನನ್ನ ಮಾಲೀಕರಿಗೆ ತುಂಬ ಆನಂದವಾಗುತ್ತದೆ, ಇನ್ನೊಮ್ಮೆ ಹೇಳಿ. ಸಿಐಎಫ್‌ನಲ್ಲಿ ಮಾರುವವನು ಸಾಗಣೆಯ ದುಡ್ಡು ಕೊಡುವುದು ನಿಮ್ಮ ಬಂದರಿನ ತನಕ. ಅಪಾಯದ ಹೊಣೆ ನಿಮಗೆ ದಾಟುವುದು ಮಾತ್ರ ಅವನ ಬಂದರಿನಲ್ಲಿ, ಸರಕು ಹಡಗಿನ ಮೇಲೆ ಬಂದ ಕ್ಷಣದಲ್ಲೇ. ವಿಮೆಯನ್ನು ಅವನು ಮಾಡಿಸುತ್ತಾನೆ, ನಿಯಮ ಕೇಳುವುದು ಕನಿಷ್ಠ ಮಟ್ಟದ ವಿಮೆಯನ್ನಷ್ಟೆ. ಹಡಗು ಮುಳುಗಿದರೆ, ಸುಟ್ಟರೆ ಅದು ಕೆಲಸಕ್ಕೆ ಬರುತ್ತದೆ. ಕಳವಾದರೆ, ಒಳಗೆ ಬೆವೆತ ನೀರು ಮೇಲ್ಚಾವಣಿಯಿಂದ ತೊಟ್ಟಿಕ್ಕಿ ರಟ್ಟು ನೆನೆದರೆ ಬರುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಹಡಗು ಕಂಪನಿಯನ್ನೂ ಇಲ್ಲಿನ ಏಜೆಂಟನ್ನೂ ಆರಿಸುವವನು ಅವನು. ನಿಮ್ಮಲ್ಲಿ ಮದುವೆ ಛತ್ರದ ಬಾಡಿಗೆ ಕಡಿಮೆ ಎಂದು ಮುಂಗಡ ಕೊಟ್ಟು, ಆಮೇಲೆ ಪಾತ್ರೆಗೆ, ಜನರೇಟರಿನ ಡೀಸೆಲ್ಲಿಗೆ, ಕಸ ಗುಡಿಸುವುದಕ್ಕೆ, ಹೆಚ್ಚಾದ ಗಂಟೆಗೆ ಅಂತ ಬಿಲ್ಲು ಬರುತ್ತದಲ್ಲ, ಅದೇ ಕಥೆ ಇಲ್ಲಿಯೂ. ಟರ್ಮಿನಲ್ ಶುಲ್ಕ, ಡೆಲಿವರಿ ಆರ್ಡರ್ ಶುಲ್ಕ, ದಾಖಲೆ ಶುಲ್ಕ, ನನ್ನನ್ನು ತೊಳೆಯುವ ಶುಲ್ಕ, ನಾನು ವಾಪಸು ಬರುವ ತನಕ ಠೇವಣಿ. ಇಡೀ ಕಂಟೇನರ್ ತುಂಬದೆ ಹಲವರ ಸಾಮಾನಿನ ಜೊತೆ ಸೇರಿಸಿ ಕಳಿಸುವಾಗಂತೂ ಚೀನಾದಿಂದ ಸಾಗಣೆ ದರ ಸೊನ್ನೆ ಎಂದೇ ಹೇಳುವ ಫಾರ್ವರ್ಡರುಗಳಿದ್ದಾರೆ. ಸೊನ್ನೆಯ ಎದುರಿಗಿನ ಅಂಕಿಗಳನ್ನು ಇಲ್ಲಿ ಬರೆಯುತ್ತಾರೆ. ಸಾಗಣೆಗೆ ದುಡ್ಡು ಕೊಡುವವನಿಗೆ ಚೌಕಾಸಿ ಮಾಡುವ ಹಕ್ಕಿದೆ, ಇಲ್ಲಿನ ಬಿಲ್ಲು ಕಟ್ಟುವವನಿಗೆ ಅವಸರ ಮಾತ್ರ ಇದೆ. ಎಫ್‌ಒಬಿ ತೆಗೆದುಕೊಂಡು ಸಾಗಣೆ, ವಿಮೆ ನಿಮ್ಮ ಕೈಯಲ್ಲೇ ಇಟ್ಟುಕೊಂಡರೆ ಪ್ರತಿ ಅಂಕಿಯನ್ನೂ ಮೊದಲೇ ಬರೆಸಿಕೊಳ್ಳಬಹುದು. ಈ ಷರತ್ತುಗಳನ್ನು 1936ರಿಂದ ಬರೆಯುತ್ತಾ ಬಂದಿರುವ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ, ಕಂಟೇನರಿಗೆ ಎಫ್‌ಒಬಿಗಿಂತ ಎಫ್‌ಸಿಎ ಸರಿ ಎನ್ನುತ್ತದೆ. ಹಡಗಿನ ತನಕ ಕಾಯದೆ ಟರ್ಮಿನಲ್ಲಿನಲ್ಲೇ ನನ್ನನ್ನು ಒಪ್ಪಿಸಿಬಿಡುತ್ತಾರಲ್ಲ, ಅದಕ್ಕೆ. ಆ ಮಾತನ್ನು ಯಾರೂ ಕೇಳಿಸಿಕೊಂಡಿಲ್ಲ, ಮಂಡಳಿಯ ಷರತ್ತುಗಳ ಪುಸ್ತಕ ಮಾತ್ರ ಮಾರಾಟವಾಗುತ್ತಿದೆ.

ಪ್ರಶ್ನೆ: ನೀವು ಏನೇ ಹೇಳಿ, ನಮ್ಮ ವ್ಯಾಪಾರಿಗಳನ್ನು ಕೇಳಿದರೆ ಎಲ್ಲರೂ ದೂರುವುದು ಸರ್ಕಾರವನ್ನು. ಸುಂಕ, ಕಾಗದಪತ್ರ, ಕಸ್ಟಮ್ಸ್ ಕಿರುಕುಳ.

ಕಂಟೇನರ್: ದೂರುವುದಕ್ಕೆ ಕಾರಣಗಳಿವೆ, ಇಲ್ಲ ಎನ್ನುವುದಿಲ್ಲ. ಆಟಿಕೆಯನ್ನೇ ನೋಡಿ. 2020ರಲ್ಲಿ ಅದರ ಮೂಲ ಸುಂಕ ಶೇ. 20ರಿಂದ 60ಕ್ಕೆ ಹಾರಿತು, 2023ರಲ್ಲಿ 70 ಆಯಿತು. ಬಜೆಟ್ಟಿನ ದಿನ ನಡುಸಮುದ್ರದಲ್ಲಿದ್ದ ನನ್ನ ಬಂಧುಗಳ ಬೆಲೆ ಅವರು ದಡ ಮುಟ್ಟುವಷ್ಟರಲ್ಲಿ ಬದಲಾಗಿತ್ತು. ಇಂಥದ್ದು ಯಾವ ವ್ಯಾಪಾರಿಯ ತಪ್ಪೂ ಅಲ್ಲ. ಆದರೆ ಹೊಸಬರ ನಷ್ಟದಲ್ಲಿ ಹೆಚ್ಚಿನ ಪಾಲು ದರದಿಂದ ಬಂದದ್ದಲ್ಲ, ಉತ್ತರ ಸಿದ್ಧವಿಲ್ಲದ್ದರಿಂದ ಬಂದದ್ದು. ಲೆಕ್ಕ ಹಾಕೋಣ. ಸರಕು, ಸಾಗಣೆ, ವಿಮೆ ಸೇರಿ ಹತ್ತು ಲಕ್ಷ ಎನ್ನಿ. ಮೂಲ ಸುಂಕ ಶೇ. 20 ಇರುವ ಮಾಲಾದರೆ ಎರಡು ಲಕ್ಷ. ಆ ಸುಂಕದ ಮೇಲೆ ಹತ್ತನೆಯ ಒಂದು ಪಾಲು ಸಮಾಜ ಕಲ್ಯಾಣ ಮೇಲ್ತೆರಿಗೆ, 20,000. ಈ ಮೊತ್ತದ ಮೇಲೆ, ಅಂದರೆ 12,20,000ದ ಮೇಲೆ, ಶೇ. 18ರ ಐಜಿಎಸ್‌ಟಿ 2,19,600. ಒಟ್ಟು 4,39,600. ಐಜಿಎಸ್‌ಟಿಯನ್ನು ಆಮೇಲೆ ಲೆಕ್ಕದಲ್ಲಿ ವಾಪಸು ಹಿಡಿಯಬಹುದು, ಕಟ್ಟುವ ದಿನ ಮಾತ್ರ ಕೈಯಲ್ಲಿ ನಗದು ಇರಬೇಕು. ಈ ಲೆಕ್ಕವನ್ನು ಆರ್ಡರ್ ಕೊಡುವ ಮುನ್ನವೇ ಮಾಡಬಹುದಿತ್ತು, ಎಂಟಂಕಿಯ ಸರಕು ಸಂಕೇತ ಗೊತ್ತಿದ್ದರೆ. ಗೊತ್ತಿಲ್ಲದಿದ್ದರೆ ಮಾರುವವನು ತನ್ನ ಇನ್‌ವಾಯ್ಸ್‌ನಲ್ಲಿ ಬರೆದ ಸಂಕೇತವನ್ನೇ ನಂಬಬೇಕು. ಅವನಿಗೆ ಭಾರತದ ಸುಂಕಪಟ್ಟಿ ಕಟ್ಟಿಕೊಂಡು ಏನಾಗಬೇಕು?

ಕಾನೂನು ಏನು ಹೇಳುತ್ತದೆ ಎಂಬುದನ್ನೂ ಕೇಳಿ. ಸುಂಕವನ್ನು ಮೊದಲು ತೀರ್ಮಾನಿಸಬೇಕಾದವರು ಆಮದು ಮಾಡುವವರೇ. 1962ರ ಕಸ್ಟಮ್ಸ್ ಕಾಯ್ದೆಗೆ 2011ರಲ್ಲಿ ಬಂದ ತಿದ್ದುಪಡಿ ಅದು. ನಿಮ್ಮ ಸರಕು ಯಾವುದು, ಬೆಲೆಯೆಷ್ಟು, ಸುಂಕವೆಷ್ಟು ಎಂದು ನೀವೇ ಬಿಲ್ ಆಫ್ ಎಂಟ್ರಿಯಲ್ಲಿ ಬರೆದು ಕೊಡಬೇಕು, ಅಧಿಕಾರಿ ಪರಿಶೀಲಿಸುತ್ತಾರೆ. 2021ರಿಂದ ಅದನ್ನು ಹಡಗು ಬರುವ ಹಿಂದಿನ ದಿನದೊಳಗೆ ಸಲ್ಲಿಸಬೇಕೆಂಬುದು ನಿಯಮ. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ. ಒಂದು ವಾರ ಕಾಗದ ಹುಡುಕುತ್ತಾ ಕೂತರೆ 55,000 ಹೋಯಿತು. ಬಿಡಿಸಿಕೊಳ್ಳದೆ ಬಿಟ್ಟ ದಿನಗಳಿಗೆ ಬಂದರಿನ ಡೆಮರೇಜು, ನನ್ನನ್ನು ವಾಪಸು ಕೊಡದ ದಿನಗಳಿಗೆ ನನ್ನ ಕಂಪನಿಯ ಡಿಟೆನ್ಷನ್ನು ಬೇರೆ. ಪರಿಶೀಲಿಸುವ ಅಧಿಕಾರಿಯಾದರೂ ನನ್ನನ್ನು ನೋಡುತ್ತಾರೆ ಎಂದುಕೊಂಡಿರಾ? 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಯಲ್ಲೇ ಮೊದಲು ಶುರುವಾದ ಮುಖರಹಿತ ವ್ಯವಸ್ಥೆಯಲ್ಲಿ ಈ ಊರಿನ ಕಡತ ಬೇರೆ ಊರಿನ ಅಧಿಕಾರಿಯ ಪರದೆಗೆ ಹೋಗುತ್ತದೆ. ಪರಿಚಯ, ವಶೀಲಿ, ಕಾಫಿಗೆ ಅಲ್ಲಿ ಜಾಗವಿಲ್ಲ, ಅದು ಒಳ್ಳೆಯದೇ. ಆದರೆ ಅವರ ಮುಂದೆ ಇರುವುದೂ ಕಾಗದವೇ. ತುಂಬಿದವನ ಮಾತನ್ನು ಹಡಗು ನಂಬಿತು, ಹಡಗಿನ ಕಾಗದವನ್ನು ವ್ಯಾಪಾರಿ ನಂಬಿದ, ವ್ಯಾಪಾರಿಯ ಘೋಷಣೆಯನ್ನು ಅಧಿಕಾರಿ ಓದುತ್ತಿದ್ದಾರೆ. ನನ್ನೊಳಗನ್ನು ಕಣ್ಣಾರೆ ಕಂಡವನು ನಿಂಗ್ಬೋದ ಹತ್ತಿರದ ಯಾವುದೋ ಗೋದಾಮಿನ ಹಮಾಲ ಒಬ್ಬನೇ.

ಪ್ರಶ್ನೆ: ಕಾಗದದ ತಾಪತ್ರಯ ನೋಡಿಕೊಳ್ಳುವುದಕ್ಕೆ ಸಿಎಚ್‌ಎ ಇದ್ದಾರಲ್ಲ. ದುಡ್ಡು ಕೊಟ್ಟರೆ ಎಲ್ಲ ಆಗುತ್ತದೆ.

ಕಂಟೇನರ್: ಸರ್ಕಾರ ಅವರಿಗೆ ಕಸ್ಟಮ್ಸ್ ಬ್ರೋಕರ್ ಎಂದು ಹೊಸ ಹೆಸರಿಟ್ಟು ವರ್ಷಗಳಾದವು, ನೀವೆಲ್ಲ ಇನ್ನೂ ಸಿಎಚ್‌ಎ ಎಂದೇ ಕರೆಯುತ್ತೀರಿ. ಒಳ್ಳೆಯ ಸಿಎಚ್‌ಎ ಚಿನ್ನದಂಥವರು. ಆದರೆ ಅವರ ಬಳಿ ವ್ಯಾಪಾರಿಗಳು ಹೋಗುವುದು ಯಾವಾಗ? ನಾನು ಹಡಗು ಹತ್ತಿದ ಮೇಲೆ. ಅಷ್ಟರಲ್ಲಿ ಕೇಳಬೇಕಾದ ಪ್ರಶ್ನೆಯ ಕಾಲ ಮುಗಿದಿರುತ್ತದೆ. ನನ್ನೊಳಗಿನ ಆಟಿಕೆಯ ವಿಷಯಕ್ಕೇ ಬನ್ನಿ. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗೆ ಬಿಐಎಸ್ ಗುರುತು ಕಡ್ಡಾಯ. ಆ ಪರವಾನಗಿ ಸಿಗುವುದು ತಯಾರಿಸುವ ಕಾರ್ಖಾನೆಗೆ, ತರಿಸುವ ವ್ಯಾಪಾರಿಗಲ್ಲ. ಹೊರದೇಶದ ಕಾರ್ಖಾನೆಯೇ ಅರ್ಜಿ ಹಾಕಿ, ತಪಾಸಣೆ ಮಾಡಿಸಿಕೊಂಡು ಪಡೆಯಬೇಕು. ಯಿವೂ ಅಂಗಡಿಯಲ್ಲಿ ಹತ್ತು ಕಾರ್ಖಾನೆಗಳ ಗೊಂಬೆ ಆರಿಸಿ ತುಂಬಿಸಿದ ಕಂಟೇನರಿಗೆ, ಅದು ವೈಟ್‌ಫೀಲ್ಡಿಗೆ ಬಂದ ಮೇಲೆ ಆ ಗುರುತನ್ನು ಯಾವ ಸಿಎಚ್‌ಎ ಎಲ್ಲಿಂದ ತಂದಾರು? ಮುಟ್ಟುಗೋಲು ಎದುರಿಸಬೇಕು, ಇಲ್ಲವೇ ಅನುಮತಿ ಬೇಡಿ ಮತ್ತೆ ಸಾಗಣೆ ಕೊಟ್ಟು ವಾಪಸು ಕಳಿಸಬೇಕು. ಮರದ ಪ್ಯಾಲೆಟ್ಟಿನ ಮೇಲೆ ಕೀಟನಾಶದ ಮುದ್ರೆ ಇದೆಯೇ, ಪೊಟ್ಟಣದ ಮೇಲೆ ಆಮದುದಾರರ ಹೆಸರು, ಎಂಆರ್‌ಪಿ ಇವೆಯೇ ಎಂಬುದೂ ಹಾಗೆಯೇ. ಆರ್ಡರಿಗೆ ಮೊದಲು ಕೇಳಿದರೆ ಒಂದು ಫೋನ್ ಕರೆಯ ಖರ್ಚು, ಇಲ್ಲಿ ಕೇಳಿದರೆ ದಿನಕ್ಕಿಷ್ಟು ಬಾಡಿಗೆ.

ಇನ್ನೊಂದು ರೀತಿಯ ಸಹಾಯವೂ ಸಿಗುತ್ತದೆ, ಅದನ್ನು ಹೇಳದಿದ್ದರೆ ನನ್ನ ಮಾತು ಅರ್ಧವಾಗುತ್ತದೆ. ಇನ್‌ವಾಯ್ಸ್‌ನಲ್ಲಿ ಬೆಲೆ ಎಷ್ಟು ಬರೆಯಲಿ ಎಂದು ಮಾರುವವನೇ ಕೇಳುತ್ತಾನೆ. ಹೊಸಬರಿಗೆ ಅದು ಔದಾರ್ಯದಂತೆ ಕಾಣುತ್ತದೆ. ಇದೇ ಮಾಲು ಬೇರೆಯವರಿಗೆ ಯಾವ ಬೆಲೆಗೆ ಬಂತು ಎಂಬ ದಾಖಲೆ ಕಸ್ಟಮ್ಸ್ ಹತ್ತಿರ ಇರುತ್ತದೆ, ಅದು ಒಂದು ಕಡೆ. ಸರಕು ಹಾಳಾದಾಗ ವಿಮೆಯವರು ಲೆಕ್ಕ ಕೇಳುವುದೂ ಅದೇ ಕಾಗದದಿಂದ, ಅದು ಇನ್ನೊಂದು ಕಡೆ. ಸುಂಕ ತಪ್ಪಿಸಲು ಬರೆಸಿದ ಸುಳ್ಳು ಪರಿಹಾರ ಕೇಳುವ ದಿನ ನಿಜವಾಗಿಬಿಡುತ್ತದೆ.

ಪ್ರಶ್ನೆ: ಕಾಗದವೆಲ್ಲ ಸರಿಯಿದ್ದವರಿಗೆ ಸಮುದ್ರದ ಭಯವೇನೂ ಇಲ್ಲ ಅನ್ನುವಿರಾ?

ಕಂಟೇನರ್: ಸಮುದ್ರಕ್ಕೆ ಬಂದಾಗ ನನ್ನ ಮೌನದ ಬೆಲೆ ಇನ್ನೂ ವಿಚಿತ್ರ. ಒಂದೇ ಹಡಗಿನಲ್ಲಿ ಹಲವು ಸಾವಿರ ಮಂದಿ ನಾವು, ಪಕ್ಕದವನ ಹೊಟ್ಟೆಯಲ್ಲಿ ಏನಿದೆ ಎಂದು ನನಗೂ ಗೊತ್ತಿಲ್ಲ. 2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರುಗಳೊಂದಿಗೆ ಮುಳುಗಿತು. ಹದಿನೈದು ದಿನದಲ್ಲಿ, ಜೂನ್ 9ರಂದು, ವಾನ್ ಹೈ 503 ಕೇರಳದ ಆಚೆ ಹೊತ್ತಿ ಉರಿಯಿತು. ಅದರಿಂದ ಪಾರಾದ 18 ಮಂದಿಯನ್ನು ನೌಕಾಪಡೆ ಮಂಗಳೂರಿಗೆ ತಂದಿಳಿಸಿತು. ಸರಕು ಪೂರ್ತಿ ಹೋದರೆ ಒಂದು ದುಃಖ. ಸರಕಿಗೆ ಏನೂ ಆಗದೆ ದುಡ್ಡು ಹೋಗುವುದೂ ಉಂಟು. 2021ರ ಮಾರ್ಚ್ 23ರಂದು ಎವರ್ ಗಿವನ್ ಸೂಯೆಜ್ ಕಾಲುವೆಗೆ ಅಡ್ಡ ನಿಂತಿತಲ್ಲ, ಆರು ದಿನಕ್ಕೆ ಬಿಡಿಸಿದರು, ಆದರೆ ಪರಿಹಾರದ ಜಗಳ ಮುಗಿದು ಹಡಗು ಹೊರಟದ್ದು ಜುಲೈ 7ಕ್ಕೆ. ಅದರಲ್ಲಿ ಸುಮಾರು 18,300 ಕಂಟೇನರುಗಳಿದ್ದವು. ಹಡಗಿನ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಹಡಗನ್ನು ಉಳಿಸಲು ಆದ ಖರ್ಚನ್ನು ಹಡಗಿನವರೂ ಸರಕಿನ ಒಡೆಯರೂ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕೆಂಬ ಪುರಾತನ ಕಡಲ ನ್ಯಾಯ ಅದು. ಖಾತರಿ ಪತ್ರ ಕೊಡದೆ ನಿಮ್ಮ ಸರಕು ನಿಮ್ಮ ಕೈಗೆ ಬರುವುದಿಲ್ಲ. ವಿಮೆ ಇದ್ದವರ ಪರವಾಗಿ ವಿಮಾ ಕಂಪನಿ ಬರೆದುಕೊಟ್ಟಿತು, ಇಲ್ಲದವರು ಸ್ವಂತ ಜೇಬಿನಿಂದ ಠೇವಣಿ ಹುಡುಕಬೇಕಾಯಿತು. ಯಾವ ತಪ್ಪೂ ಮಾಡದ ಗೊಂಬೆಗಳ ಮೇಲೂ ಈ ಪಾಲು ಬೀಳುತ್ತದೆ. ಸರಕು ಸುರಕ್ಷಿತವಾಗಿರುತ್ತದೆ ಎಂದು ವಿಮೆ ಬಿಡುವವರು ಇದನ್ನು ಕೇಳಿರುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಕೇಳಿದ ಮೇಲೆ ಸಣ್ಣ ವ್ಯಾಪಾರಿಗಳು ಆಮದಿನ ಗೊಡವೆಗೇ ಹೋಗಬಾರದು ಅನ್ನಿಸುತ್ತದೆ. ನಿಮ್ಮ ವಾದ ಕೊನೆಗೆ ದೊಡ್ಡವರಿಗೇ ಅನುಕೂಲ ಅಲ್ಲವೇ?

ಕಂಟೇನರ್: ದೊಡ್ಡವರಿಗೆ ಅನುಕೂಲ ಇರುವುದು ನಿಜ. ತಿಂಗಳಿಗೆ ನೂರು ಕಂಟೇನರ್ ತರಿಸುವವರು ತಮ್ಮದೇ ಜನರನ್ನು ಯಿವೂದಲ್ಲಿ ಕೂರಿಸುತ್ತಾರೆ, ಆ ಖರ್ಚು ನೂರರ ಮೇಲೆ ಹಂಚಿಹೋಗುತ್ತದೆ. ಒಂದೇ ಕಂಟೇನರ್ ತರಿಸುವವನಿಗೆ ಅದು ಮೂಗಿಗಿಂತ ಮೂಗುತಿ ಭಾರ. ಹಾಗೆಂದು ಸಣ್ಣವರಿಗೆ ದಾರಿಯೇ ಇಲ್ಲ ಎನ್ನುವುದು ತಪ್ಪು, ಸಾಕ್ಷಿ ನಿಮ್ಮ ಕರಾವಳಿಯಲ್ಲೇ ಇದೆ. ಮಂಗಳೂರಿನ ಸುತ್ತಮುತ್ತಲಿನ ಗೇರುಬೀಜದ ಕಾರ್ಖಾನೆಗಳಿಗೆ ಬೆನಿನ್, ಐವರಿ ಕೋಸ್ಟ್, ತಾಂಜಾನಿಯಾಗಳಿಂದ ಹಸಿ ಗೇರುಬೀಜ ನನ್ನಂಥವರ ಹೊಟ್ಟೆಯಲ್ಲೇ ಪಣಂಬೂರು ಬಂದರಿಗೆ ಬರುತ್ತದೆ. ಅಲ್ಲಿನವರು ಮಾರುವವನ ಮಾತು ನಂಬುವುದಿಲ್ಲ, ನನ್ನ ಸೀಲನ್ನೂ ನಂಬುವುದಿಲ್ಲ. ಮೂಟೆಗಳಿಂದ ಮಾದರಿ ತೆಗೆದು, ಬೀಜವನ್ನು ಒಂದೊಂದಾಗಿ ಸೀಳಿ, ಒಳ್ಳೆಯ ತಿರುಳೆಷ್ಟು, ಜೊಳ್ಳೆಷ್ಟು, ಹುಳು ತಿಂದದ್ದೆಷ್ಟು ಎಂದು ತೂಗುತ್ತಾರೆ. 80 ಕಿಲೋ ಮೂಟೆಗೆ ಎಷ್ಟು ಪೌಂಡ್ ತಿರುಳು ಬರುತ್ತದೆ ಎಂಬ ಅಂಕಿಯ ಮೇಲೆ ಬೆಲೆ ನಿಲ್ಲುತ್ತದೆ. ತೇವಾಂಶ ಅಳೆಯುತ್ತಾರೆ. ಹತ್ತಿಸುವ ಬಂದರಿನಲ್ಲಿ ಒಮ್ಮೆ, ಇಳಿಸಿದ ಮೇಲೆ ಇನ್ನೊಮ್ಮೆ, ಅಂಕಿ ಕಡಿಮೆ ಬಂದರೆ ಬೆಲೆ ಎಷ್ಟು ಇಳಿಯಬೇಕು ಎಂದು ಕರಾರಿನಲ್ಲೇ ಬರೆದಿರುತ್ತದೆ. ಒಂದು ಚಾಕು, ಒಂದು ತಕ್ಕಡಿ, ಕರಾರಿನ ಒಂದು ಸಾಲು. ದೊಡ್ಡ ಕಂಪನಿಯಾಗಬೇಕೆಂದೇನೂ ಇಲ್ಲ.

ಚಿಕ್ಕಪೇಟೆಯ ಯಜಮಾನರೂ ಇದನ್ನು ಮಾಡಬಹುದಿತ್ತು. ತುಂಬಿಸುವ ದಿನ ಬಾಡಿಗೆಯ ತಪಾಸಣೆಗಾರನನ್ನು ಕಳಿಸಿ ಪೆಟ್ಟಿಗೆ ಎಣಿಸಿ ಫೋಟೋ ತೆಗೆಸಬಹುದು, ಅವನ ವರದಿ ಬಂದ ಮೇಲೆ ಮಾತ್ರ ಶೇ. 70 ಬಾಕಿ ಎಂದು ಮೊದಲೇ ಬರೆಸಬಹುದು. ಸಿಎಚ್‌ಎ ಹತ್ತಿರ ಆರ್ಡರಿಗೆ ಮುಂಚೆ ಹೋಗಿ ಸಂಕೇತ, ಸುಂಕ, ಬಿಐಎಸ್ ಕೇಳಬಹುದು. ಡಿಟೆನ್ಷನ್ ಬೀಳದ ಉಚಿತ ದಿನಗಳನ್ನು ಹಡಗು ಕಂಪನಿಯಿಂದ ಬುಕಿಂಗ್ ಮಾಡುವಾಗಲೇ ಹೆಚ್ಚಿಸಿಕೊಳ್ಳಬಹುದು, ಇಲ್ಲಿಗೆ ಬಂದ ಮೇಲೆ ಕೇಳಿದರೆ ಅದು ಭಿಕ್ಷೆ. ಎಲ್ಲ ಕೈಮೀರಿ, ಒಳಗೇನಿದೆ ಎಂದು ನಿಜಕ್ಕೂ ಗೊತ್ತಿಲ್ಲದಿದ್ದರೆ ಅದಕ್ಕೂ ಕಾಯ್ದೆಯಲ್ಲಿ ದಾರಿಯಿದೆ. 46ನೆಯ ಕಲಮಿನಲ್ಲಿ, ನನಗೆ ಪೂರ್ಣ ಮಾಹಿತಿಯಿಲ್ಲ ಎಂದು ಘೋಷಿಸಿ, ಅಧಿಕಾರಿಯ ಎದುರಿಗೆ ಮೊದಲು ಸರಕು ಪರೀಕ್ಷಿಸಿಕೊಂಡು ಆಮೇಲೆ ಬಿಲ್ ಆಫ್ ಎಂಟ್ರಿ ತುಂಬಲು ಅನುಮತಿ ಕೇಳಬಹುದು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವನಿಗೆ ಕಾನೂನು ಬಾಗಿಲು ತೆರೆಯುತ್ತದೆ. ಗೊತ್ತಿದೆ ಎಂದು ಬರೆದು ತಪ್ಪಾದರೆ ದಂಡ ಹಾಕುತ್ತದೆ.

ಪ್ರಶ್ನೆ: ಹಾಗಾದರೆ ಪ್ರತಿ ಕಂಟೇನರನ್ನೂ ಪ್ರತಿ ಬಂದರಿನಲ್ಲೂ ತೆರೆದು ನೋಡಬೇಕೇ? ವಾರಿಯರ್ ಹಡಗಿನ ಕಾಲಕ್ಕೇ ವಾಪಸು ಹೋಗಬೇಕೇ?

ಕಂಟೇನರ್: ಖಂಡಿತ ಬೇಡ. ನನ್ನ ಕುಲಕಸುಬೇ ಹೋದೀತು. ಲಕ್ಷಾಂತರ ನಗಗಳನ್ನು ಒಂದೊಂದು ಬಂದರಿನಲ್ಲೂ ಎಣಿಸುತ್ತಿದ್ದ ಕಾಲ ಯಾರಿಗೂ ಒಳ್ಳೆಯದು ಮಾಡಲಿಲ್ಲ. ನನ್ನ ಮೌನ ಸರಿಯಾಗಿಯೇ ಇದೆ, ಅದನ್ನು ಭರವಸೆ ಎಂದು ಓದಿಕೊಂಡದ್ದು ತಪ್ಪು. ಹತ್ತು ಜಾಗದಲ್ಲಿ ಹತ್ತು ಜನ ಕೇಳುತ್ತಿದ್ದ ಪ್ರಶ್ನೆಯನ್ನು ಒಬ್ಬನು ಒಂದು ಜಾಗದಲ್ಲಿ ಕೇಳಿದರೆ ಸಾಕು, ಅದು ಅಗ್ಗ. ಯಾರೂ ಕೇಳದೆ ಬಿಟ್ಟರೆ ಮಾತ್ರ ಅದು ಎಲ್ಲಕ್ಕಿಂತ ದುಬಾರಿ. ತಪಾಸಣೆಗೆ, ವಿಮೆಗೆ, ಸಲಹೆಗೆ ದುಡ್ಡು ಹಾಕಿದರೆ ಮೊದಲ ಕಂಟೇನರಿನಲ್ಲಿ ಲಾಭವೇ ಉಳಿಯುವುದಿಲ್ಲ ಎಂದು ನೀವು ಕೇಳುವಿರಿ, ಗೊತ್ತು. ಉಳಿಯದಿದ್ದರೆ ಆ ಮಾಲಿನಲ್ಲಿ ಲಾಭ ಮೊದಲಿನಿಂದಲೂ ಇರಲಿಲ್ಲ ಎಂದರ್ಥ. ಅದು ಗೊತ್ತಾಗುವುದು ಯಿವೂದಲ್ಲಿ ಮುಂಗಡ ಕೊಡುವ ಮುಂಚೆಯೋ ವೈಟ್‌ಫೀಲ್ಡಿನಲ್ಲಿ ಸೀಲು ಕತ್ತರಿಸಿದ ಮೇಲೋ ಎಂಬುದಷ್ಟೇ ವ್ಯಾಪಾರಿಯ ಕೈಯಲ್ಲಿರುವುದು.

ಪ್ರಶ್ನೆ: ಸರಕು ಬಿಡಿಸಿಕೊಂಡ ಮೇಲೆ ನಿಮ್ಮ ಕಥೆ?

ಕಂಟೇನರ್: ಖಾಲಿಯಾಗಿ ಕಂಪನಿಯ ಯಾರ್ಡಿಗೆ. ಅಲ್ಲಿ ಸರ್ವೇಯರ್ ಬಾಗಿಲು ತೆರೆದು, ಟಾರ್ಚ್ ಹಿಡಿದು ಒಳಗೆ ಬರುತ್ತಾನೆ. ಪ್ಲೈವುಡ್ ಮೇಲೆ ಎಣ್ಣೆಯ ಕಲೆ ಇದೆಯೇ, ತಗಡು ಎಲ್ಲಾದರೂ ತಗ್ಗಾಗಿದೆಯೇ, ಮೂಲೆಯಲ್ಲಿ ಒಂದು ಮೊಳೆ ಉಳಿದಿದೆಯೇ, ಒಂದನ್ನೂ ಬಿಡುವುದಿಲ್ಲ. ಎಲ್ಲವನ್ನೂ ಬರೆದು, ಫೋಟೋ ತೆಗೆದು, ವ್ಯಾಪಾರಿಯ ಠೇವಣಿಯಿಂದ ಮುರಿದುಕೊಳ್ಳುತ್ತಾರೆ. ತುಂಬಿ ಬಂದಾಗ ಒಳಗೇನಿದೆ ಎಂದು ಒಂದು ಮಾತು ಕೇಳದ ಕಂಪನಿ ನನ್ನೊಳಗೆ ಇಣುಕಿ ನೋಡುವುದು, ಒಳಗೆ ಏನೂ ಇಲ್ಲದಿದ್ದಾಗ.